ತಂತಿ ನಿಲ್ಲುವ ಜಾಗ: ಮಕ್ಕಳಿಗಾಗಿ ಕಟ್ಟಿದ ನರಕೋಶದ ಮಾದರಿ

ದಾವಣಗೆರೆಯ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಕಾಣುವ ನರಕೋಶದ ಮಾದರಿಗಳು ಬಹುಮಟ್ಟಿಗೆ ಒಂದೇ ಬಗೆಯವು: ಥರ್ಮೋಕೋಲಿನ ಮೇಲೆ ಬಣ್ಣ ಬಳಿದ ಎರಡು ಕೋಶಗಳು, ಒಂದರಿಂದ ಇನ್ನೊಂದಕ್ಕೆ ಎಳೆದ ವೈರು, ಸ್ವಿಚ್ ಒತ್ತಿದಾಗ ಅದರುದ್ದಕ್ಕೂ ಓಡುವ ಸೀರಿಯಲ್ ಸೆಟ್ ದೀಪಗಳು. ನೋಡಲು ಚೆನ್ನಾಗಿರುತ್ತವೆ; ಆದರೆ ಮಿದುಳಿನ ಕೋಶಗಳು ಒಂದರೊಡನೊಂದು ಮಾತಾಡುವ ಬಗೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೇ ಅವುಗಳಲ್ಲಿ ಇರುವುದಿಲ್ಲ. ಒಂದು ಕೋಶ ಮುಗಿದು ಇನ್ನೊಂದು ಶುರುವಾಗುವಲ್ಲಿ ತಂತಿ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಸಂದೇಶವು ರಾಸಾಯನಿಕವಾಗಿ ಸಂದು ದಾಟಿ, ಆಚೆಯ ಕೋಶದಲ್ಲಿ ಮತ್ತೆ ವಿದ್ಯುತ್ತಾಗುತ್ತದೆ. ನಿಟುವಳ್ಳಿಯ ಕಡೆಯ ಶಾಲೆಯೊಂದರ ಏಳನೆಯ ತರಗತಿಗೆ ಮಾದರಿಯೊಂದು ಬೇಕೆಂದು ಅಲ್ಲಿನ ವಿಜ್ಞಾನ ಶಿಕ್ಷಕಿಯವರು ಕೇಳಿದಾಗ ನಾನು ಹಾಕಿಕೊಂಡ ನಿಯಮ ಒಂದೇ: ಎರಡು ಕೋಶಗಳ ನಡುವೆ ಮೇಲಿನಿಂದಾಗಲಿ, ಮೇಜಿನ ಕೆಳಗಿನಿಂದಾಗಲಿ ಒಂದೂ ವೈರು ಹೋಗಕೂಡದು. ಎರಡಕ್ಕೂ ಬೇರೆ ಬೇರೆ ಪೆಟ್ಟಿಗೆ, ಬೇರೆ ಬೇರೆ ವಿದ್ಯುತ್ ಮೂಲ ಇರಬೇಕು. ಒಂದನ್ನು ಎತ್ತಿಕೊಂಡು ಹೋಗಿ ಬಾಗಿಲಾಚೆ ಇಟ್ಟರೂ ಇನ್ನೊಂದಕ್ಕೆ ಏನೂ ಆಗಕೂಡದು.

ಈ ಹಟಕ್ಕೆ ಕಾರಣವಿದೆ. ಕೋಶಗಳ ನಡುವೆ ಸಂದು ಇದೆಯೋ ಇಲ್ಲವೋ ಎಂಬುದೇ ಒಂದು ಕಾಲದಲ್ಲಿ ದೊಡ್ಡ ಜಗಳವಾಗಿತ್ತು. ಇಟಲಿಯ ಕಮಿಲ್ಲೊ ಗಾಲ್ಜಿ ನರಮಂಡಲವೆಲ್ಲ ಒಂದೇ ಹೆಣೆದ ಬಲೆ ಎನ್ನುತ್ತಿದ್ದರು. ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್, ಗಾಲ್ಜಿಯವರೇ ಕಂಡುಹಿಡಿದ ಬಣ್ಣ ಹಾಕುವ ವಿಧಾನವನ್ನು ಬಳಸಿ, ಪ್ರತಿಯೊಂದು ಕೋಶವೂ ಬಿಡಿಬಿಡಿ ಎಂದು ಚಿತ್ರ ಬರೆದು ತೋರಿಸಿದರು. 1906ರ ನೊಬೆಲ್ ಪ್ರಶಸ್ತಿ ಇಬ್ಬರಿಗೂ ಸೇರಿ ಬಂದಿತು. ಸಂದನ್ನು ಏನು ದಾಟುತ್ತದೆ ಎಂಬುದಕ್ಕೆ 1921ರಲ್ಲಿ ಆಟೊ ಲೋವಿ ಎರಡು ಕಪ್ಪೆಗಳ ಹೃದಯಗಳನ್ನಿಟ್ಟುಕೊಂಡು ಉತ್ತರ ಕೊಟ್ಟರು: ಒಂದು ಹೃದಯದ ನರವನ್ನು ಪ್ರಚೋದಿಸಿ ಅದರ ಬಡಿತವನ್ನು ನಿಧಾನಗೊಳಿಸಿ, ಅದರ ಸುತ್ತಲಿದ್ದ ದ್ರವವನ್ನಷ್ಟೇ ಇನ್ನೊಂದು ಹೃದಯಕ್ಕೆ ಹಾಕಿದಾಗ, ನರದ ಸಂಪರ್ಕವೇ ಇಲ್ಲದ ಆ ಹೃದಯದ ಬಡಿತವೂ ನಿಧಾನವಾಯಿತು. ಸಂದೇಶ ದ್ರವದಲ್ಲಿತ್ತು. ಆ ವಸ್ತು ಅಸಿಟೈಲ್‌ಕೋಲೀನ್ ಎಂಬುದು ಆಮೇಲೆ ಖಚಿತವಾಯಿತು. ಸಂದನ್ನು ಕಣ್ಣಾರೆ ಕಾಣಲು 1950ರ ದಶಕದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದವರೆಗೆ ಕಾಯಬೇಕಾಯಿತು.

ಅಳತೆಗಳ ಲೆಕ್ಕ

ಸಿನಾಪ್ಸ್ ಎಂದು ಕರೆಯುವ ಈ ಜೋಡಣೆಯಲ್ಲಿ ಸಂದಿನ ಅಗಲ ಸುಮಾರು 20 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲಿ ಒಂದು ಪಾಲು. ಮಕ್ಕಳಿಗೆ ದೂರದಿಂದ ಕಾಣಬೇಕಾದ್ದರಿಂದ ನಾನು ಅದನ್ನು 4 ಸೆಂಟಿಮೀಟರ್ ಮಾಡಿದೆ. ಇದು 20 ಲಕ್ಷ ಪಟ್ಟು ಹಿಗ್ಗಿಸಿದಂತೆ. ಉಳಿದದ್ದನ್ನೂ ಇದೇ ಪ್ರಮಾಣದಲ್ಲಿ ಮಾಡಲು ಹೋದರೆ 20 ಮೈಕ್ರೋಮೀಟರಿನ ಕೋಶಕಾಯಕ್ಕೆ 40 ಮೀಟರ್ ಜಾಗ ಬೇಕು, ಬೆನ್ನುಹುರಿಯಿಂದ ಕಾಲಿನ ಬೆರಳಿನವರೆಗೆ ಹೋಗುವ ಒಂದು ಮೀಟರ್ ಉದ್ದದ ಆಕ್ಸಾನ್ (ಕೋಶದಿಂದ ಸಂಕೇತ ಒಯ್ಯುವ ಉದ್ದನೆಯ ಎಳೆ) 2000 ಕಿಲೋಮೀಟರ್ ಆಗುತ್ತದೆ. ಆದ್ದರಿಂದ ಸಂದಿಗೆ ಒಂದು ಪ್ರಮಾಣ, ಉಳಿದ ಭಾಗಗಳಿಗೆ ಇನ್ನೊಂದು ಎಂದು ಒಪ್ಪಿಕೊಂಡು ಮುಂದೆ ಹೋದೆ. ಈ ಲೆಕ್ಕವನ್ನು ಮಾತ್ರ ಹಲಗೆಯ ಮೇಲೆ ದೊಡ್ಡದಾಗಿ ಬರೆಸಿದೆ, ಏಕೆಂದರೆ ಮಕ್ಕಳು ಮಾದರಿಗಿಂತ ಹೆಚ್ಚು ಹೊತ್ತು ನಿಂತು ನೋಡುವುದು ಇದನ್ನೇ.

ಕಳಿಸುವ ಪೆಟ್ಟಿಗೆ

12 ಮಿಲಿಮೀಟರಿನ ಪ್ಲೈವುಡ್ಡಿನ ಮೂರು ಕೈಗಳು ಮೂರು ಕಳಿಸುವ ಕೋಶಗಳು. ಪ್ರತಿ ಕೈಯ ಉದ್ದ 80 ಸೆಂಟಿಮೀಟರ್. ಅದರ ಮೇಲೆ ಮೀಟರಿಗೆ 60 ದೀಪಗಳಿರುವ ಡಬ್ಲ್ಯುಎಸ್ 2812 ಎಲ್‌ಇಡಿ ಪಟ್ಟಿ, ಅಂದರೆ 48 ದೀಪಗಳು. ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಒಂದೊಂದು ದೀಪವನ್ನೂ ಸುಮಾರು 17 ಮಿಲಿಸೆಕೆಂಡ್ ಉರಿಸಿ ಮುಂದಿನದಕ್ಕೆ ದಾಟಿಸುವುದರಿಂದ ಬೆಳಕು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಸಾಗುತ್ತದೆ. ಈ ವೇಗವನ್ನು ಬೇಕೆಂದೇ ಆಯ್ದುಕೊಂಡೆ. ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇಲ್ಲದ ಸಣ್ಣ ನರತಂತುಗಳಲ್ಲಿ ಸಂಕೇತ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್ ವೇಗದಲ್ಲಿ ಹೋಗುತ್ತದೆ. ಹಾಗಾಗಿ ಮಾದರಿಯಲ್ಲಿ ಕಾಣುವುದು ಹಿಗ್ಗಿಸಿದ್ದೂ ಅಲ್ಲ, ಕುಗ್ಗಿಸಿದ್ದೂ ಅಲ್ಲ, ನಿಜವಾದ ವೇಗವೇ. ಮೈಲಿನ್ ಇರುವ ದಪ್ಪ ತಂತುಗಳಲ್ಲಿ ಅದು ಸೆಕೆಂಡಿಗೆ 120 ಮೀಟರ್‌ವರೆಗೂ ಏರುತ್ತದೆ. ಅದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಅಸಾಧ್ಯವಾದ್ದರಿಂದ ಒಂದು ಕೈಗೆ ಮಾತ್ರ ವೈರಿಂಗ್ ಪೈಪಿನ ತುಂಡುಗಳನ್ನು ಹೊದಿಸಿ, ನಡುವೆ ಸಣ್ಣ ಬಿಡುವು ಬಿಟ್ಟು, ಬೆಳಕು ಬಿಡುವಿನಿಂದ ಬಿಡುವಿಗೆ ಹಾರುವುದನ್ನು ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ತೋರಿಸಿದ್ದೇನೆ.

ಪಟ್ಟಿಯ ಮೇಲೆ ಓಡುವ ಬೆಳಕು ವೈರಿನಲ್ಲಿ ಹರಿಯುವ ಕರೆಂಟಿನಂಥದ್ದಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕಾಗುತ್ತದೆ. ಸುಮ್ಮನಿರುವ ಕೋಶದ ಒಳಭಾಗ ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಸಂಕೇತ ಬಂದ ಜಾಗದಲ್ಲಿ ಸೋಡಿಯಂ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಒಳನುಗ್ಗಿ ಅದು ಧನಾತ್ಮಕವಾಗುತ್ತದೆ, ಪೊಟ್ಯಾಸಿಯಂ ಅಯಾನುಗಳು ಹೊರಗೆ ಹೋಗಿ ಮತ್ತೆ ಮೊದಲಿನಂತಾಗುತ್ತದೆ. ಈ ಎಲ್ಲವೂ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿದು, ಪಕ್ಕದ ಜಾಗದಲ್ಲಿ ಹೊಸದಾಗಿ ಶುರುವಾಗುತ್ತದೆ. ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ಆಕ್ಸಾನಿನಲ್ಲಿ ಇದನ್ನು ಅಳೆದು, 1952ರಲ್ಲಿ ಲೆಕ್ಕ ಸಮೇತ ವಿವರಿಸಿದವರು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ. ಒಂದೊಂದು ದೀಪವೂ ತಾನೇ ಹೊತ್ತಿ ಆರುವ ಪಟ್ಟಿ ಇದಕ್ಕೆ ತಕ್ಕಮಟ್ಟಿಗೆ ಹೊಂದುತ್ತದೆ.

ಕೈಯ ತುದಿಯಲ್ಲಿ ಒಂದು ಎಸ್‌ಜಿ 90 ಸರ್ವೊ ಮೋಟಾರ್ (ಹೇಳಿದಷ್ಟೇ ತಿರುಗಿ ನಿಲ್ಲುವ ಪುಟ್ಟ ಮೋಟಾರ್), ಅದಕ್ಕೆ ಒಂದೇ ಗುಂಡು ಕೂರುವಷ್ಟು ಕಚ್ಚು ಹಾಕಿದ ಅಕ್ರಿಲಿಕ್ ಬಿಲ್ಲೆ. ಬೆಳಕು ತುದಿ ಮುಟ್ಟಿದಾಗ ಬಿಲ್ಲೆ ತಿರುಗಿ ಒಂದು ಗುಂಡನ್ನು ಬಿಡುತ್ತದೆ. ನಿಜವಾದ ಕೋಶದಲ್ಲಿ ಈ ಜಾಗಕ್ಕೆ ಸಂಕೇತ ಬಂದಾಗ ಕ್ಯಾಲ್ಸಿಯಂ ಒಳಗೆ ಬರುತ್ತದೆ. ಅದರಿಂದ ಸುಮಾರು 40 ನ್ಯಾನೋಮೀಟರ್ ಅಗಲದ ಪುಟ್ಟ ಚೀಲಗಳು ಅಂಚಿಗೆ ಅಂಟಿಕೊಂಡು ಒಡೆದು, ಒಳಗಿದ್ದ ರಾಸಾಯನಿಕವನ್ನು ಸಂದಿಗೆ ಚೆಲ್ಲುತ್ತವೆ. ಒಂದೊಂದು ಚೀಲದಲ್ಲಿ ಸಾವಿರಾರು ಅಣುಗಳಿರುತ್ತವೆ. ಆದ್ದರಿಂದ ಮಾದರಿಯ ಒಂದು ಗುಂಡು ಎಂದರೆ ಒಂದು ಅಣುವಲ್ಲ, ಒಂದು ಚೀಲದ ಸರಕು. ಸಂದೇಶ ಹೀಗೆ ಇಡಿ ಇಡಿ ಪೊಟ್ಟಣಗಳಲ್ಲಿಯೇ ಬಿಡುಗಡೆಯಾಗುತ್ತದೆ ಎಂದು ತೋರಿಸಿದ ಬರ್ನಾರ್ಡ್ ಕಾಟ್ಸ್ ಅವರಿಗೆ 1970ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಗುಂಡು ಯಾವುದಿರಬೇಕು ಎಂಬುದಕ್ಕೆ ಮಕ್ಕಳ ಮೊದಲ ಸಲಹೆ ಮಂಡಕ್ಕಿ. ದಾವಣಗೆರೆಯಲ್ಲಿ ಅದಕ್ಕೆ ಬರವಿಲ್ಲ, ನಿಜ. ಆದರೆ ಅದು ಉರುಳುವುದಿಲ್ಲ, ಫ್ಯಾನಿನ ಗಾಳಿಗೆ ಹಾರುತ್ತದೆ, ಉದುರುವ ಪುಡಿ ಸಂವೇದಕಗಳ ಮೇಲೆ ಕೂರುತ್ತದೆ. ಕೊನೆಗೆ ಸೈಕಲ್ ಅಂಗಡಿಯಲ್ಲಿ ಸಿಗುವ ಕಾಲು ಇಂಚಿನ ಬೇರಿಂಗ್ ಗುಂಡುಗಳನ್ನು ತಂದೆ. ಉಕ್ಕಿನವಾದ್ದರಿಂದ ಬೆಳಕನ್ನು ಪೂರ್ತಿ ತಡೆಯುತ್ತವೆ, ಅಳತೆಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿರುವುದಿಲ್ಲ. ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಗಾತ್ರದವಾದ ಕಾರಣ ಗುಂಡಿನ ಹಾದಿಯನ್ನೆಲ್ಲ ಅಕ್ರಿಲಿಕ್ ಮುಚ್ಚಳದೊಳಗೆ ಇಟ್ಟಿದ್ದೇನೆ. ಮೂರು ಸರ್ವೊಗಳು ಒಟ್ಟಿಗೆ ತಿರುಗಿದರೆ ವೋಲ್ಟೇಜ್ ಕುಸಿದು ನ್ಯಾನೊ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಸರ್ವೊಗಳ ಪಕ್ಕದಲ್ಲೇ, ಚಾರ್ಜ್ ಕೂಡಿಡುವ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದ ಮೇಲೆ ಆ ತೊಂದರೆ ನಿಂತಿತು.

ಸಂದು

ಗುಂಡು 10 ಸೆಂಟಿಮೀಟರ್ ಎತ್ತರದ ಇಳಿಜಾರಿನಲ್ಲಿ ಉರುಳಿ, ಕೊನೆಯಲ್ಲಿ ಅಡ್ಡಲಾಗಿ ಹಾರುತ್ತದೆ. ಆಗ ಅದರ ವೇಗ ಸೆಕೆಂಡಿಗೆ ಸುಮಾರು 1.2 ಮೀಟರ್, 4 ಸೆಂಟಿಮೀಟರ್ ದಾಟುವಷ್ಟರಲ್ಲಿ ಅದು ಕೆಳಗಿಳಿಯುವುದು 6 ಮಿಲಿಮೀಟರ್ ಮಾತ್ರ. ಸ್ವೀಕರಿಸುವ ಪೆಟ್ಟಿಗೆಯ ಅಂಚನ್ನು 2 ಸೆಂಟಿಮೀಟರ್ ತಗ್ಗಿಸಿದರೆ ಹೆಚ್ಚಿನ ಗುಂಡುಗಳು ಒಳಗೆ ಬೀಳುತ್ತವೆ. ಹಿಂಬದಿಯ ಹಲಗೆಗೆ ಬಡಿದು ಅವು ಮತ್ತೆ ಹೊರಗೆ ಚಿಮ್ಮದಂತೆ ತಡೆಯಲು ರಬ್ಬರ್, ಫೋಮ್ ಎಲ್ಲವನ್ನೂ ಹಚ್ಚಿ ನೋಡಿದ ಮೇಲೆ, ಚಳ್ಳಕೆರೆಯ ಹಳೆಯ ಕಂಬಳಿಯ ತುಂಡೇ ಗೆದ್ದಿತು. ಒರಟು ಉಣ್ಣೆಗೆ ಬಡಿದ ಗುಂಡು ಸದ್ದಿಲ್ಲದೆ ನೇರ ಕೆಳಕ್ಕೆ ಬೀಳುತ್ತದೆ.

ಗುರಿ ತಪ್ಪಿದ ಗುಂಡುಗಳು ಸಂದಿನ ಕೆಳಗಿನ ತಟ್ಟೆಗೆ ಹೋಗುತ್ತವೆ. ಅವುಗಳನ್ನು ತಡೆಯಲು ನಾನು ಪ್ರಯತ್ನಿಸಲಿಲ್ಲ. ನಿಜವಾದ ಸಂದಿನಲ್ಲಿಯೂ ಚೆಲ್ಲಿದ ಅಣುಗಳೆಲ್ಲ ಗ್ರಾಹಕಗಳನ್ನು, ಅಂದರೆ ಆಚೆಯ ಕೋಶದ ಮೇಲೆ ಅವುಗಳನ್ನು ಹಿಡಿಯುವ ತಾಣಗಳನ್ನು, ಮುಟ್ಟುವುದಿಲ್ಲ.

ಸ್ವೀಕರಿಸುವ ಪೆಟ್ಟಿಗೆ

ಒಳಗೆ ಬಿದ್ದ ಗುಂಡು ಇಳಿಜಾರಾದ ಜರಡಿ ಹಲಗೆಯ ಮೇಲೆ ಬೀಳುತ್ತದೆ. ಅದರಲ್ಲಿ 8 ಮಿಲಿಮೀಟರಿನ ರಂಧ್ರಗಳ ಎರಡು ಸಾಲು, ಎಲ್ಲಕ್ಕಿಂತ ಕೆಳಗೆ 20 ಮಿಲಿಮೀಟರಿನ ಒಂದು ರಂಧ್ರ. ಮೊದಲ ಎರಡು ಕೋಶಗಳು ಕಳಿಸುವುದು ಉಕ್ಕಿನ ಗುಂಡು. ಮೂರನೆಯದು ಕಳಿಸುವುದು ಮಕ್ಕಳು ಆಡುವ ಗಾಜಿನ ಗೋಲಿ. ಗೋಲಿ ಸಣ್ಣ ರಂಧ್ರಗಳ ಮೇಲೆ ಉರುಳಿ ಹೋಗಿ ದೊಡ್ಡದರಲ್ಲಿ ಮಾತ್ರ ಇಳಿಯುತ್ತದೆ. ಗ್ರಾಹಕ ಎಂಬುದು ತನಗೆ ಹೊಂದುವ ಆಕಾರದ ಅಣುವಿಗೆ ಮಾತ್ರ ಸ್ಪಂದಿಸುತ್ತದೆ ಎಂಬ ಮಾತನ್ನು ಇದಕ್ಕಿಂತ ಸರಳವಾಗಿ ತೋರಿಸುವ ಬಗೆ ನನಗೆ ಹೊಳೆಯಲಿಲ್ಲ.

ಪ್ರತಿ ರಂಧ್ರದ ಸಾಲಿನ ಕೆಳಗೆ ಪೈಪು, ಪೈಪಿನಲ್ಲಿ ಎದುರುಬದುರಾಗಿ ಒಂದು ಇನ್‌ಫ್ರಾರೆಡ್ ಎಲ್‌ಇಡಿ ಮತ್ತು ಅದರ ಕಣ್ಣಿಗೆ ಕಾಣದ ಬೆಳಕನ್ನು ಗುರುತಿಸುವ ಒಂದು ಫೋಟೋಟ್ರಾನ್ಸಿಸ್ಟರ್. ಗುಂಡು ಬೀಳುವಾಗ ಸುಮಾರು 6 ಮಿಲಿಸೆಕೆಂಡ್ ಬೆಳಕು ಕಡಿಯುತ್ತದೆ. ಮನೆಯ ಟ್ಯೂಬ್‌ಲೈಟಿನಡಿ ಸರಿಯಾಗಿ ನಡೆದ ಇದು ಶಾಲೆಯ ಕಿಟಕಿಯ ಪಕ್ಕದಲ್ಲಿ ಗುಂಡುಗಳನ್ನು ಎಣಿಸಲೇ ಇಲ್ಲ. ಬಿಸಿಲಿನಲ್ಲಿ ಇನ್‌ಫ್ರಾರೆಡ್ ಧಾರಾಳವಾಗಿರುತ್ತದೆ. ಬಿಳಿ ಪಿವಿಸಿ ಪೈಪಿನ ಗೋಡೆಯನ್ನು ಅದು ಸಲೀಸಾಗಿ ಹಾಯುತ್ತದೆ. ಪೈಪಿಗೆ ಹೊರಗಿನಿಂದ ಅಲ್ಯೂಮಿನಿಯಂ ಹಾಳೆ ಸುತ್ತಿ, ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಹಾಕಿದ ಮೇಲೆ ಎಣಿಕೆ ತಪ್ಪಲಿಲ್ಲ.

ಸಂವೇದಕದ ಸಂಕೇತ ಒಂದು 7555 ಟೈಮರಿಗೆ ಹೋಗುತ್ತದೆ. 22 ಕಿಲೋ ಓಮ್ ಮತ್ತು 1 ಮೈಕ್ರೋಫ್ಯಾರಡ್ ಜೋಡಿಯಿಂದ ಅದು ಗುಂಡಿನ ವೇಗ ಎಷ್ಟೇ ಇದ್ದರೂ ಪ್ರತಿ ಗುಂಡಿಗೆ 24 ಮಿಲಿಸೆಕೆಂಡಿನ ಒಂದೇ ಅಳತೆಯ ಮಿಡಿತ ಕೊಡುತ್ತದೆ. ಊರಿನಲ್ಲೇ ಸಿಗುವ ಮಾಮೂಲಿ 555ರ ಔಟ್‌ಪುಟ್ 5 ವೋಲ್ಟಿನಲ್ಲಿ 3.3 ವೋಲ್ಟಿನ ಆಸುಪಾಸಿಗಷ್ಟೇ ಏರುವುದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 7555 ತರಿಸಬೇಕಾಯಿತು. ಈ ಮಿಡಿತ 1ಎನ್ 4148 ಡಯೋಡ್ ಮತ್ತು 2.2 ಕಿಲೋ ಓಮ್ ಮೂಲಕ 100 ಮೈಕ್ರೋಫ್ಯಾರಡಿನ ಕೆಪಾಸಿಟರಿಗೆ ಸ್ವಲ್ಪ ಚಾರ್ಜ್ ತುಂಬುತ್ತದೆ. ಪಕ್ಕದ 47 ಕಿಲೋ ಓಮ್ ರೆಸಿಸ್ಟರ್ ಅದನ್ನು ನಿಧಾನವಾಗಿ ಸೋರಿಸುತ್ತದೆ. ಈ ಕೆಪಾಸಿಟರೇ ಕೋಶದ ಪೊರೆ. ಮಕ್ಕಳಿಗೆ ನಾನು ಹೇಳಿದ್ದು ತೂತು ಬಿದ್ದ ಕೊಡ ಎಂದು: ಚೊಂಬಿನಿಂದ ಬೇಗ ಬೇಗ ಸುರಿದರೆ ಕಂಠದವರೆಗೆ ಏರುತ್ತದೆ, ತಡೆದು ತಡೆದು ಸುರಿದರೆ ಎಷ್ಟು ಸುರಿದರೂ ಏರುವುದಿಲ್ಲ.

ಕೆಪಾಸಿಟರಿನ ವೋಲ್ಟೇಜನ್ನು ಎಲ್‌ಎಂ 393 ಕಂಪ್ಯಾರೇಟರ್ 1.5 ವೋಲ್ಟಿನೊಂದಿಗೆ ಹೋಲಿಸುತ್ತದೆ. ಅದನ್ನು ಮೀರಿದರೆ ಮಾತ್ರ ಸ್ವೀಕರಿಸುವ ಕೋಶದ ಸ್ವಂತ ನ್ಯಾನೊ ಎಚ್ಚೆತ್ತು ತನ್ನ ದೀಪದ ಪಟ್ಟಿಯನ್ನು ಓಡಿಸಿ, ಬಿ.ಸಿ. 547 ಟ್ರಾನ್ಸಿಸ್ಟರಿನ ಮೂಲಕ ಕೆಪಾಸಿಟರನ್ನು ಖಾಲಿ ಮಾಡುತ್ತದೆ. ನ್ಯಾನೊ ಇರುವಾಗ ಕಂಪ್ಯಾರೇಟರ್ ಏಕೆ, ಗುಂಡುಗಳನ್ನು ಕೋಡಿನಲ್ಲೇ ಎಣಿಸಬಹುದಲ್ಲ ಎಂದು ಗೆಳೆಯರೊಬ್ಬರು ಕೇಳಿದರು. ಖಂಡಿತ ಎಣಿಸಬಹುದು, ಆದರೆ ಆಗ ಕೋಶದ ತೀರ್ಮಾನ ಮಕ್ಕಳಿಗೆ ಕಾಣದ ಜಾಗಕ್ಕೆ ಹೋಗಿಬಿಡುತ್ತದೆ. ಈಗ ಹೊಸ್ತಿಲಿನ ಮಟ್ಟ, ಅಂದರೆ ಆ 1.5 ವೋಲ್ಟ್, ಒಂದು ತಿರುಗುಣಿಯಲ್ಲಿದೆ, ಅದನ್ನು ಅವರೇ ತಿರುಗಿಸಿ ನೋಡಬಹುದು.

ಮುಳ್ಳಿನ ವೋಲ್ಟ್‌ಮೀಟರ್ ಒಂದನ್ನು ಎಲ್‌ಎಂ 358 ಆಂಪ್ಲಿಫೈಯರ್ ಚಿಪ್ಪಿನ ಮೂಲಕ ಜೋಡಿಸಿದ್ದೇನೆ. ನೇರವಾಗಿ ಜೋಡಿಸಿದರೆ ಮೀಟರೇ ಕೆಪಾಸಿಟರನ್ನು ಬರಿದುಮಾಡುತ್ತದೆ. ಮೀಟರಿನ ಮುಖಕ್ಕೆ ಹೊಸ ಕಾಗದ ಅಂಟಿಸಿ, ಸೊನ್ನೆಯ ಜಾಗದಲ್ಲಿ ‘ಮೈನಸ್ 70’, 1.5 ವೋಲ್ಟಿನ ಜಾಗದಲ್ಲಿ ‘ಮೈನಸ್ 55’ ಎಂದು ಬರೆದಿದ್ದೇನೆ. ಒಂದು ವೋಲ್ಟ್ ಎಂದರೆ ಕೋಶದ 10 ಮಿಲಿವೋಲ್ಟ್. ಮೈನಸ್ 55ರ ಆಸುಪಾಸೇ ಅನೇಕ ನರಕೋಶಗಳು ಸಿಡಿಯುವ, ಅಂದರೆ ತಮ್ಮ ಸಂಕೇತ ಹೊರಡಿಸುವ, ಹೊಸ್ತಿಲು. ಕಳಿಸುವ ಪೆಟ್ಟಿಗೆಗೆ ಮೊಬೈಲ್ ಚಾರ್ಜರ್, ಇದಕ್ಕೆ ನಾಲ್ಕು ರೀಚಾರ್ಜ್ ಬ್ಯಾಟರಿಗಳು. ಪವರ್ ಬ್ಯಾಂಕ್ ಬೇಡ: ಈ ಪೆಟ್ಟಿಗೆ ಎಳೆಯುವ ಕರೆಂಟ್ ತೀರ ಕಡಿಮೆಯಾದ್ದರಿಂದ ಹಲವು ಪವರ್ ಬ್ಯಾಂಕುಗಳು ಕೆಲಸವಿಲ್ಲವೆಂದು ತಾವಾಗಿಯೇ ಆರಿಹೋಗುತ್ತವೆ.

ಮಕ್ಕಳ ಕೈಯಲ್ಲಿ

ಒಬ್ಬ ಹುಡುಗ ಸ್ವಿಚ್ ಒತ್ತಿದ. ಬೆಳಕು ಓಡಿತು, ಗುಂಡು ಹಾರಿತು, ಮುಳ್ಳು ಮೈನಸ್ 65ರ ಹತ್ತಿರ ಬಂದು ಮೆಲ್ಲಗೆ ಹಿಂದೆ ಸರಿಯಿತು. ಮತ್ತೇನೂ ಆಗಲಿಲ್ಲ. "ಕೆಟ್ಟೈತೇನ್ರಿ ಸಾರ್?" ಎಂದ. ಎರಡೆರಡು ಸೆಕೆಂಡಿಗೆ ಒಂದರಂತೆ ಒತ್ತುತ್ತಾ ಹೋಗು ಎಂದೆ. ಮುಳ್ಳು ಮೈನಸ್ 59ರ ಆಚೆ ಹೋಗಲೊಲ್ಲದು. ಅರ್ಧರ್ಧ ಸೆಕೆಂಡಿಗೆ ಒತ್ತಿದಾಗ ಐದನೆಯ ಗುಂಡಿಗೆ ಆಚೆಯ ಪಟ್ಟಿ ಹೊತ್ತಿಕೊಂಡಿತು. ಇನ್ನೊಬ್ಬಳು ಎರಡನೆಯ ಕೈಯ ಸ್ವಿಚ್ ಹಿಡಿದು ಇಬ್ಬರೂ ಒಟ್ಟಿಗೆ ಒತ್ತಿದಾಗ ಮೂರನೆಯ ಸಲಕ್ಕೇ ಹೊತ್ತಿತು. ಬೇಗ ಬೇಗ ಬಂದರೆ ಒಂದು ಬಗೆಯ ಕೂಡಿಕೆ, ಹಲವು ಕಡೆಯಿಂದ ಬಂದರೆ ಇನ್ನೊಂದು ಬಗೆಯ ಕೂಡಿಕೆ ಎಂಬುದನ್ನು ನಾನು ಹೇಳುವ ಮೊದಲೇ ಅವರು ಕಂಡುಕೊಂಡಿದ್ದರು.

ಗುಂಪಿನಲ್ಲಿದ್ದ ಇನ್ನೊಬ್ಬನಿಗೆ ಮಾತ್ರ ನಂಬಿಕೆ ಬರಲಿಲ್ಲ. "ಒಳಗೆ ಎಲ್ಲೋ ವೈರ್ ಐತಿ ಬಿಡ್ರಿ" ಎನ್ನುತ್ತಾ ಮೇಜಿನ ಕೆಳಗೆ ಬಗ್ಗಿ ಹುಡುಕಿದ. ಪೆಟ್ಟಿಗೆಯನ್ನು ಎತ್ತಿ ಕಾರಿಡಾರಿಗೆ ತೆಗೆದುಕೊಂಡು ಹೋಗಲು ಹೇಳಿದೆ. ಅಲ್ಲಿ ಅವನು ಕೈಯಿಂದಲೇ ಐದು ಗುಂಡುಗಳನ್ನು ಒಂದರ ಹಿಂದೊಂದು ಜರಡಿಗೆ ಹಾಕಿದ, ಪಟ್ಟಿ ಹೊತ್ತಿತು. ಲೋವಿಯವರ ಕಪ್ಪೆಯ ಕಥೆಯನ್ನು ಹೇಳಲು ನನಗೆ ಅದೇ ಸರಿಯಾದ ಸಮಯವೆನಿಸಿತು, ಏಕೆಂದರೆ ಅವನು ಮಾಡಿದ್ದೂ ಅದೇ ಪ್ರಯೋಗ.

ಎಲ್ಲಕ್ಕಿಂತ ಹೆಚ್ಚು ಗಲಾಟೆ ಎದ್ದದ್ದು ಗೋಲಿಯ ಕೈಯಿಂದ. ಗೋಲಿ ಬಿದ್ದಾಗ ಅದರ ಟೈಮರ್ 470 ಓಮ್ ಮೂಲಕ ಕೆಪಾಸಿಟರನ್ನು ಸೋರಿಸಿ, ಇದ್ದುದರಲ್ಲಿ ಶೇಕಡ 40ರಷ್ಟನ್ನು ಇಳಿಸುತ್ತದೆ. ಮುಳ್ಳು ಹೊಸ್ತಿಲು ಮುಟ್ಟುವಷ್ಟರಲ್ಲಿ ಗೋಲಿ ಬಿಟ್ಟು ಕೆಳಗಿಳಿಸುವುದೇ ಆಟವಾಯಿತು. ಇದು ಕೇವಲ ಆಟವಲ್ಲ. ಮಿದುಳಿನಲ್ಲಿ ಗ್ಲುಟಮೇಟ್ ಹೆಚ್ಚಾಗಿ ಮುಂದಿನ ಕೋಶವನ್ನು ಎಬ್ಬಿಸುತ್ತದೆ, ಗಾಬಾ ಎಂಬುದು ಹೆಚ್ಚಾಗಿ ತಡೆಯುತ್ತದೆ; ಕೋಶವೊಂದು ಸಿಡಿಯಬೇಕೋ ಬೇಡವೋ ಎಂಬುದು ಈ ಎರಡರ ಮೊತ್ತದಿಂದ ನಿರ್ಧಾರವಾಗುತ್ತದೆ. ತಡೆಯುವವರೇ ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿದ ಹುಡುಗಿಗೆ, ಮಿದುಳಿನ ಒಂದು ಭಾಗದ ಕೋಶಗಳು ಅತಿಯಾಗಿ, ಒಟ್ಟೊಟ್ಟಿಗೆ ಸಿಡಿಯತೊಡಗಿದರೆ ಫಿಟ್ಸ್ ಬರುತ್ತದೆ ಎಂದು ಹೇಳಿದೆ.

ಮಾದರಿ ಹೇಳದಿರುವುದು

ಕೆಲವನ್ನು ಫಲಕದಲ್ಲಿ ಸ್ಪಷ್ಟವಾಗಿ ಬರೆಸಿದ್ದೇನೆ. ಇಲ್ಲಿ ಒಂದು ಗುಂಡು 4.5 ಮಿಲಿವೋಲ್ಟ್ ಏರಿಸುತ್ತದೆ. ಮಿದುಳಿನ ಹೊರಪದರದ ಒಂದು ಸಿನಾಪ್ಸ್ ಏರಿಸುವುದು ಅನೇಕ ಸಲ 1 ಮಿಲಿವೋಲ್ಟಿಗಿಂತಲೂ ಕಡಿಮೆ, ಆದ್ದರಿಂದ ಅಲ್ಲಿ ಎರಡಲ್ಲ, ಬಹಳಷ್ಟು ಕೋಶಗಳು ಒಟ್ಟಿಗೆ ಒತ್ತಬೇಕು. ಮನುಷ್ಯನ ಮಿದುಳಿನಲ್ಲಿರುವ ಸುಮಾರು 8600 ಕೋಟಿ ನರಕೋಶಗಳಲ್ಲಿ ಅನೇಕವು ಸಾವಿರಾರು ಸಿನಾಪ್ಸ್‌ಗಳಿಂದ ಮಾಹಿತಿ ಪಡೆಯುತ್ತವೆ. ಗುಂಡು ಗುರುತ್ವದಿಂದ ಹಾರುತ್ತದೆ, ಅಣುಗಳು ದಿಕ್ಕಿಲ್ಲದೆ ಹರಡುತ್ತವೆ. ಆದರೂ ಸಂದು ಅಷ್ಟು ಕಿರಿದಾದ್ದರಿಂದ ಇಡೀ ದಾಟುವಿಕೆ ಸುಮಾರು ಅರ್ಧ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಮುಳ್ಳು ಮೈನಸ್ 70ಕ್ಕಿಂತ ಕೆಳಗೆ ಹೋಗಲಾರದು, ನಿಜವಾದ ಕೋಶ ಹೋಗಬಲ್ಲುದು. ರಾಸಾಯನಿಕದ ನೆರವಿಲ್ಲದೆ ನೇರವಾಗಿ ವಿದ್ಯುತ್ತನ್ನೇ ದಾಟಿಸುವ ಸಿನಾಪ್ಸ್‌ಗಳೂ ಇವೆ. ಪಾಪ, ಥರ್ಮೋಕೋಲ್ ಮಾದರಿಗಳು ಅವುಗಳ ಮಟ್ಟಿಗೆ ಸರಿಯೇ.

ಉಳಿದಿರುವ ಕೆಲಸ ಗುಂಡು ಹೆಕ್ಕುವುದು. ಸದ್ಯಕ್ಕೆ ಒಂದು ಮಗು ತಟ್ಟೆಯಿಂದಲೂ ಪೈಪಿನ ಕೆಳಗಿನ ಡಬ್ಬಿಯಿಂದಲೂ ಅವನ್ನು ಆಯ್ದು ಕಳಿಸುವ ಪೆಟ್ಟಿಗೆಗೆ ತುಂಬುತ್ತದೆ. ಆ ಮಗು ಆಟ ನೋಡುತ್ತಾ ಮೈಮರೆತರೆ ಕಳಿಸುವ ಕೈ ಬರಿದಾಗಿ, ಸ್ವಿಚ್ ಎಷ್ಟು ಒತ್ತಿದರೂ ಬೆಳಕು ತುದಿಯವರೆಗೆ ಬಂದು ನಿಲ್ಲುತ್ತದೆ. ಇದೂ ಪಾಠದ ಭಾಗವೇ ಆದ್ದರಿಂದ ಆ ಕೆಲಸಕ್ಕೆ ಬಿಳಿ ಟೋಪಿ ಕೊಟ್ಟು ‘ಗ್ಲಯಾ’ ಎಂದು ಹೆಸರಿಟ್ಟಿದ್ದೇವೆ: ಸಂದಿನಲ್ಲಿ ಉಳಿದ ಗ್ಲುಟಮೇಟಿನ ಬಹುಪಾಲನ್ನು ಹೀರಿಕೊಂಡು, ಗ್ಲುಟಮಿನ್ ಆಗಿ ಬದಲಿಸಿ ನರಕೋಶಕ್ಕೆ ಹಿಂದಿರುಗಿಸುವವು ಪಕ್ಕದಲ್ಲಿರುವ ಗ್ಲಯಾ ಕೋಶಗಳು. ಅಸಿಟೈಲ್‌ಕೋಲೀನಿನ ವಿಷಯದಲ್ಲಿ ಹೀಗಲ್ಲ. ಅದನ್ನು ಸಂದಿನಲ್ಲಿರುವ ಕಿಣ್ವವೊಂದು ಅಲ್ಲಿಯೇ ಒಡೆದುಹಾಕುತ್ತದೆ. ತಟ್ಟೆಗೆ ಈಗಿರುವ ಇಳಿಜಾರು ಗುಂಡುಗಳನ್ನು ಒಂದು ಮೂಲೆಗೆ ತರಲು ಸಾಕು. ಅಲ್ಲಿಂದ ಮೇಲಕ್ಕೆತ್ತಲು ಅಯಸ್ಕಾಂತ ಅಂಟಿಸಿದ ಪಟ್ಟಿಯೊಂದನ್ನು ಗೇರ್ ಮೋಟಾರಿನಿಂದ ತಿರುಗಿಸುವ ಯೋಜನೆ ಇದೆ. ಉಕ್ಕಿನ ಗುಂಡಿಗೆ ಅದು ಸಾಲುತ್ತದೆ, ಗೋಲಿಯನ್ನು ಮಾತ್ರ ಕೈಯಿಂದಲೇ ಎತ್ತಿಡಬೇಕು.